ಮೊದಲು ಸುದ್ದಿ, ಆಮೇಲೆ ಚಂದಾ: ಪೋಷಕರ ಮಂಡಳಿಗೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಖಜಾಂಚಿಯವರೇ, ಮುಖ್ಯ ಶಿಕ್ಷಕರೇ, ಮಂಡಳಿಯ ಎಲ್ಲ ಸದಸ್ಯರೇ,

ನಮಸ್ಕಾರ.

ಈ ಶಾಲಾ ವರ್ಷದಲ್ಲಿ ಮಂಡಳಿಯಿಂದ ಪೋಷಕರಿಗೆ ಬಂದ ಸಂದೇಶಗಳನ್ನೆಲ್ಲ ಒಂದೇ ಸಲ ಕೂತು ಓದಿ ನೋಡಿ. ವಾರ್ಷಿಕೋತ್ಸವಕ್ಕೆ ವಂತಿಗೆ. ಗ್ರಂಥಾಲಯಕ್ಕೆ ದೇಣಿಗೆ. ಲಕ್ಕಿ ಡ್ರಾ ಟಿಕೆಟ್ ಉಳಿದಿದ್ದರೆ ಬೇಗ ಮಾರಿ. ಆಟದ ಸಾಮಾನಿಗೆ ಇನ್ನೂ ಸ್ವಲ್ಪ ಕಡಿಮೆ ಬಿದ್ದಿದೆ. ನಾಳೆಯೇ ಕೊನೇ ದಿನ. ಇನ್ನೂ ಕೊಡದವರು ದಯವಿಟ್ಟು ಗಮನಿಸಿ. ಈ ಸಾಲುಗಳ ನಡುವೆ 'ಹೋದ ಸಲ ನೀವು ಕೊಟ್ಟ ಹಣದಲ್ಲಿ ಇಂಥ ಕೆಲಸ ಆಯಿತು, ಇಷ್ಟು ಉಳಿಯಿತು' ಅಂತ ಎಲ್ಲಾದರೂ ಇದೆಯಾ ಹುಡುಕಿ. ನಾನು ಹುಡುಕಿದೆ, ಸಿಗಲಿಲ್ಲ. ಗಣಿತದ ಟೀಚರ್ ದೀರ್ಘ ರಜೆಯಲ್ಲಿದ್ದಾರೆ, ಅವರ ಪಾಠವನ್ನು ಬೇರೆ ಯಾರೋ ನೋಡಿಕೊಳ್ಳುತ್ತಿದ್ದಾರೆ ಅನ್ನುವ ಸುದ್ದಿಯೂ ಅದರಲ್ಲಿ ಇರಲಿಲ್ಲ. ಅದು ನನಗೆ ಗೊತ್ತಾಗಿದ್ದು ಮಗಳಿಂದ. ಅದೂ ಪರೀಕ್ಷೆಯ ಹಿಂದಿನ ವಾರ.

ಇದನ್ನು ದೂರು ಅಂದುಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ಇದು ದೂರೇ. ಆದರೆ ಯಾರ ಮೇಲೂ ಅನುಮಾನಪಟ್ಟು ಬರೆಯುತ್ತಿಲ್ಲ. ಇಂಥದೇ ಮಂಡಳಿಯಲ್ಲಿ ಕೆಲವು ವರ್ಷ ನಾನೂ ಇದ್ದೆ. ದಿನದ ದುಡಿಮೆ ಮುಗಿಸಿ ಬಂದು ಬಿಲ್ಲು ಜೋಡಿಸುವುದು, ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಎತ್ತಿಡುವುದು, ಇಷ್ಟೆಲ್ಲ ಮಾಡಿದ ಮೇಲೂ 'ಇವರಿಗೇನೋ ಲಾಭ ಇರಬೇಕು' ಅನ್ನುವ ಮಾತು ಕೇಳಿಸಿಕೊಳ್ಳುವುದು ಎಲ್ಲ ಗೊತ್ತಿದೆ. ಬಹಿರಂಗವಾಗಿ ಬರೆಯಲು ಕಾರಣ ಒಂದೇ. ಈ ಮಾತು ಒಂದು ಶಾಲೆಗೆ ಮಾತ್ರ ಸೇರಿದ್ದಲ್ಲ. ಬೇರೆ ಶಾಲೆಗಳ ಪೋಷಕರ ಹತ್ತಿರ ಐದು ನಿಮಿಷ ಮಾತಾಡಿದರೂ ಇದೇ ಕಥೆ ಕೇಳಿಬರುತ್ತದೆ.

ನಮ್ಮ ಮಂಡಳಿಯಲ್ಲಿ ಎರಡು ಉಪಸಮಿತಿಗಳಿವೆ. ಒಂದು ಹಣಕ್ಕೆ, ಒಂದು ಮಾಹಿತಿಗೆ. ಹಣದ ಸಮಿತಿ ತಪ್ಪದೆ ಸೇರುತ್ತದೆ. ಮಾಹಿತಿಯ ಸಮಿತಿ ಫೋಟೋ ಹಾಕುತ್ತದೆ. ಇವೆರಡನ್ನೂ ಬೇರೆ ಬೇರೆ ಕೆಲಸ ಅಂದುಕೊಂಡಿದ್ದೇ ತೊಂದರೆಯ ಮೂಲ ಅನ್ನುವುದು ನನ್ನ ವಾದ. ಶಾಲೆಯಲ್ಲಿ ಏನು ನಡೆಯುತ್ತಿದೆ ಅಂತ ಗೊತ್ತಿರುವ ಪೋಷಕರು 'ಎಷ್ಟು ಬೇಕು' ಅಂತ ಕೇಳುತ್ತಾರೆ. ಏನೂ ಗೊತ್ತಿಲ್ಲದವರು 'ಮತ್ತೆ ಯಾಕೆ' ಅಂತ ಕೇಳುತ್ತಾರೆ. ಸುದ್ದಿ ಮೊದಲು, ಹಣ ಆಮೇಲೆ, ಲೆಕ್ಕ ಅದರ ಬೆನ್ನಿಗೇ. ಈ ಕ್ರಮ ತಪ್ಪಿದರೆ ಮಂಡಳಿ ಗೋಡೆಗೆ ಹಾಕಿದ ಹುಂಡಿಯ ಹಾಗಾಗುತ್ತದೆ. ಹಾಕುವವರು ಹಾಕುತ್ತಾರೆ, ಒಳಗೆ ಏನಾಯಿತು ಅಂತ ಯಾರೂ ಕೇಳುವುದಿಲ್ಲ.

ಈ ಮಂಡಳಿಗಳು ಹುಟ್ಟಿದ ಕಾಲದಲ್ಲಿ ಹೀಗಿರಲಿಲ್ಲ. ಅಮೆರಿಕದ ಪೋಷಕ-ಶಿಕ್ಷಕ ಸಂಘಗಳ ಕಥೆ ಶುರುವಾಗುವುದು 1897ರಲ್ಲಿ. ಆಲಿಸ್ ಬರ್ನಿ ಮತ್ತು ಫೀಬಿ ಹರ್ಸ್ಟ್ ಎಂಬ ಇಬ್ಬರು ಆ ವರ್ಷ ವಾಷಿಂಗ್ಟನ್‌ನಲ್ಲಿ ತಾಯಂದಿರ ರಾಷ್ಟ್ರೀಯ ಸಮಾವೇಶ ಕರೆದರು. ಆ ದೇಶದ ಎಲ್ಲ ಹೆಂಗಸರಿಗೂ ವೋಟಿನ ಹಕ್ಕು ಸಿಗಲು ಇನ್ನೂ ಎರಡು ದಶಕಕ್ಕಿಂತ ಜಾಸ್ತಿ ಬೇಕಿತ್ತು. ಅಂಥ ಹೊತ್ತಲ್ಲಿ ಅವರು ಶಿಶುವಿಹಾರ ಬೇಕು ಅಂದರು. ಮಕ್ಕಳನ್ನು ದುಡಿಮೆಗೆ ಹಚ್ಚುವುದರ ವಿರುದ್ಧ ಕಾನೂನು ಬೇಕು ಅಂದರು. ಶಾಲೆಯಲ್ಲಿ ಬಿಸಿ ಊಟ ಕೊಡಿ ಅಂದರು. ಕಪ್ಪು ಮಕ್ಕಳನ್ನು ಬೇರೆ ಶಾಲೆಗಳಿಗೆ ತಳ್ಳಿದ್ದ ಕಾಲದಲ್ಲಿ ಸೆಲೀನಾ ಸ್ಲೋನ್ ಬಟ್ಲರ್ ಆ ಮಕ್ಕಳ ಪೋಷಕರಿಗೂ ಶಿಕ್ಷಕರಿಗೂ 1926ರಲ್ಲಿ ಪ್ರತ್ಯೇಕ ರಾಷ್ಟ್ರೀಯ ಸಂಘ ಕಟ್ಟಿದರು. ಎರಡೂ ಸಂಘಗಳು ಒಂದಾದದ್ದು 1970ರಲ್ಲಿ. ಇವರು ಹಣ ಸೇರಿಸಲಿಲ್ಲ ಅಂತಲ್ಲ, ಸೇರಿಸಿದರು. ಆದರೆ ಕೇಳುವ ಧ್ವನಿ ಮೊದಲು ಬಂತು.

ಕಾನೂನುಗಳನ್ನು ನೋಡಿದರೂ ಅದೇ. ಸ್ಕಾಟ್ಲೆಂಡಿನಲ್ಲಿ ಪೋಷಕರ ಮಂಡಳಿಗಳು ಹುಟ್ಟಿದ್ದು 2006ರ ಕಾಯ್ದೆಯಿಂದ. ಶಾಲೆಗೆ ಬೆಂಬಲ ಕೊಡುವುದು, ಪೋಷಕರ ಅಭಿಪ್ರಾಯವನ್ನು ಶಾಲೆಗೆ ಮುಟ್ಟಿಸುವುದು, ಶಾಲೆ, ಪೋಷಕರು ಮತ್ತು ಸುತ್ತಲಿನ ಜನರ ನಡುವೆ ಸಂಪರ್ಕ ಬೆಳೆಸುವುದು ಅದರ ಮುಖ್ಯ ಕೆಲಸ. ಹಣ ಸೇರಿಸಬಹುದು ಅಂತಲೂ ಕಾಯ್ದೆ ಹೇಳುತ್ತದೆ, ಆದರೆ ಸಾಲ ಮಾಡುವ ಹಾಗಿಲ್ಲ. ಕೆನಡಾದ ಒಂಟಾರಿಯೊದಲ್ಲಿ ಶಾಲಾ ಮಂಡಳಿಗಳ ನಿಯಮ ಬಂದದ್ದು 2000ದಲ್ಲಿ. ಮಕ್ಕಳ ಕಲಿಕೆ ಸುಧಾರಿಸುವುದು, ಶಿಕ್ಷಣ ವ್ಯವಸ್ಥೆ ಪೋಷಕರಿಗೆ ಉತ್ತರ ಕೊಡುವಂತೆ ಮಾಡುವುದು ಮಂಡಳಿಯ ಉದ್ದೇಶ ಅಂತ ಅದರಲ್ಲಿದೆ. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಇನ್ನೂ ನೇರ. ಶಾಲಾ ನಿರ್ವಹಣಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಸದಸ್ಯರು ಮಹಿಳೆಯರಾಗಿರಬೇಕು. ಸರ್ಕಾರದಿಂದ ಬಂದರೂ ಸರಿ, ಬೇರೆ ಯಾವ ಮೂಲದಿಂದ ಬಂದರೂ ಸರಿ, ಅನುದಾನ ಹೇಗೆ ಖರ್ಚಾಗುತ್ತಿದೆ ಅಂತ ನೋಡುವುದು ಸಮಿತಿಯ ಕೆಲಸ. ಅನುದಾನರಹಿತ ಖಾಸಗಿ ಶಾಲೆಗಳು ಈ ಸೆಕ್ಷನ್‌ನಿಂದ ಹೊರಗಿವೆ. ಅದು ಬೇರೆಯೇ ಚರ್ಚೆ, ಇಲ್ಲಿ ಬೇಡ. ನಾನು ಗಮನಿಸಿದ್ದು ಏನೆಂದರೆ, ಆ ಸೆಕ್ಷನ್ ಕೊಡುವ ಕೆಲಸಗಳ ಪಟ್ಟಿಯಲ್ಲಿ 'ನೋಡಿಕೊಳ್ಳಿ' ಅಂತ ಇದೆ, 'ವಸೂಲಿ ಮಾಡಿ' ಅಂತ ಇಲ್ಲ.

ಈಗ ಸುದ್ದಿಯ ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕಿದೆ.

ಮುಖ್ಯ ಅತಿಥಿಗಳಿಗೆ ಹಾರ ಹಾಕುವ ಫೋಟೋ ಸುದ್ದಿ ಅಲ್ಲ. ಅದು ನೆನಪಿಗೆ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ಓದಿದ ಮೇಲೆ ಅಪ್ಪ ಅಮ್ಮ ಬೇರೆ ರೀತಿ ಏನನ್ನೂ ಮಾಡುವುದಿಲ್ಲ. ಓದಿದವರು ಆ ಸಂಜೆ ಮಾಡುವ ಒಂದು ಕೆಲಸವನ್ನಾದರೂ ಬದಲಿಸಿದರೆ ಅದು ಸುದ್ದಿ. ಪರೀಕ್ಷೆಯ ದಿನ ಮುಂದಕ್ಕೆ ಹೋಗಿದೆ. ಈ ವಾರದಿಂದ ಭಿನ್ನರಾಶಿ ಶುರು. ವಿಜ್ಞಾನದ ಪ್ರಾಜೆಕ್ಟ್ ಕೊಡಲು ಸೋಮವಾರ ಕೊನೇ ದಿನ. ಕೆಳಗಿನ ಮಹಡಿಯ ಶೌಚಾಲಯದ ರಿಪೇರಿ ನಿಂತಿದೆ, ಕಾರಣ ಇದು, ಮುಗಿಯುವುದು ಇಂಥ ದಿನ. ಟೀಚರ್ ರಜೆಯಲ್ಲಿದ್ದಾರೆ, ಅವರ ಬದಲಿಗೆ ಇಂಥವರು ಬರುತ್ತಾರೆ. ಮಂಡಳಿಯ ಸಭೆಯಲ್ಲಿ ಇದು ಚರ್ಚೆಯಾಯಿತು, ಇದು ತೀರ್ಮಾನವಾಯಿತು, ಇದಕ್ಕೆ ಇಬ್ಬರು ಒಪ್ಪಲಿಲ್ಲ. ಹೌದು, ಒಪ್ಪದಿದ್ದದ್ದನ್ನೂ ಬರೆಯಿರಿ. ಎಲ್ಲ ತೀರ್ಮಾನವೂ ಸರ್ವಾನುಮತದಿಂದ ಆಯಿತು ಅಂತ ಬರೆದರೆ ಯಾರೂ ನಂಬುವುದಿಲ್ಲ.

ಇಂಥ ಚಿಕ್ಕ ಸುದ್ದಿಯಿಂದ ಏನಾಗುತ್ತದೆ ಅನ್ನುವವರಿಗೆ ಎರಡು ಉದಾಹರಣೆ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ 22 ಶಾಲೆಗಳಲ್ಲಿ ಪೀಟರ್ ಬರ್ಗ್‌ಮನ್ ಮತ್ತು ಎರಿಕ್ ಚಾನ್ ಎಂಬ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಶಿಕ್ಷಕರು ಹೇಗೂ ತುಂಬುವ ಅಂಕಪಟ್ಟಿ ಮತ್ತು ಹಾಜರಿಯಿಂದಲೇ ಪೋಷಕರ ಮೊಬೈಲಿಗೆ ತಾನಾಗಿ ಸಂದೇಶ ಹೋಗುವ ಹಾಗೆ ಮಾಡಿದರು. ಎಷ್ಟು ತರಗತಿ ತಪ್ಪಿದೆ, ಯಾವ ವಿಷಯದಲ್ಲಿ ಮನೆಗೆಲಸ ಬಾಕಿ ಇದೆ ಅಂತ ವಾರಕ್ಕೊಮ್ಮೆ. ಅಂಕ ಕಡಿಮೆ ಇದ್ದರೆ ತಿಂಗಳಿಗೊಮ್ಮೆ. ವಿಷಯಗಳಲ್ಲಿ ಫೇಲಾಗುವುದು ಶೇ. 28ರಷ್ಟು ಕಡಿಮೆಯಾಯಿತು. ತರಗತಿಗೆ ಹಾಜರಾಗುವುದು ಶೇ. 12ರಷ್ಟು ಜಾಸ್ತಿಯಾಯಿತು. ರಾಜ್ಯ ಮಟ್ಟದ ಪರೀಕ್ಷೆಯ ಅಂಕಗಳಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಪವಾಡ ಏನಲ್ಲ, ಆದರೆ ಒಂದು ಸಣ್ಣ ಸಂದೇಶಕ್ಕೆ ಇದು ಕಡಿಮೆಯೂ ಅಲ್ಲ. ಇಂಗ್ಲೆಂಡಿನಲ್ಲೂ 36 ಪ್ರೌಢಶಾಲೆಗಳಲ್ಲಿ ಇಂಥದೇ ಪ್ರಯೋಗ ನಡೆಯಿತು. ವರದಿ 2016ರಲ್ಲಿ ಬಂತು. ಟೆಸ್ಟ್ ಯಾವಾಗ, ಹೋಮ್‌ವರ್ಕ್ ಬಂತಾ ಇಲ್ವಾ, ಇವತ್ತು ತರಗತಿಯಲ್ಲಿ ಏನು ಕಲಿತರು, ಇಷ್ಟೇ ವಿಷಯ. ಗಣಿತದಲ್ಲಿ ಈ ಮಕ್ಕಳು ಉಳಿದವರಿಗಿಂತ ಸುಮಾರು ಒಂದು ತಿಂಗಳ ಕಲಿಕೆಯಷ್ಟು ಮುಂದಿದ್ದರು. ಗೈರುಹಾಜರಿಯೂ ಇಳಿಯಿತು.

ಎರಡೂ ಕಡೆ ಸಂದೇಶದಲ್ಲಿ ಉಪದೇಶ ಇರಲಿಲ್ಲ ಅನ್ನುವುದನ್ನು ಗಮನಿಸಿ. 'ಮಕ್ಕಳ ಭವಿಷ್ಯ ನಿಮ್ಮ ಕೈಯಲ್ಲಿದೆ' ಅಂತ ಯಾರೂ ಬರೆಯಲಿಲ್ಲ. ನಿಮ್ಮ ಮಗು, ಈ ವಿಷಯ, ಈ ದಿನ. ಅಷ್ಟೇ.

ಮಕ್ಕಳ ಅಂಕ, ಹಾಜರಿಯ ವಿಷಯ ಶಾಲೆಗೆ ಸೇರಿದ್ದು, ಅದು ಮಂಡಳಿಯ ಕೈಗೆ ಬರಬಾರದು, ಬರುವುದೂ ಬೇಡ. ಒಂದು ಮಗುವಿನ ಅಂಕ ಇನ್ನೊಂದು ಮಗುವಿನ ಅಪ್ಪನಿಗೆ ಯಾಕೆ ಗೊತ್ತಾಗಬೇಕು? ಮುಖ್ಯ ಶಿಕ್ಷಕರೇ, ಆ ಭಾಗ ನಿಮ್ಮದು. ಮಂಡಳಿ ಮಾಡಬೇಕಾದ್ದು ಒತ್ತಾಯ. 'ಹೊಸ ಪ್ರೊಜೆಕ್ಟರ್ ಕೊಡಿಸುತ್ತೇವೆ' ಅನ್ನುವ ಮೊದಲು 'ಪೋಷಕರಿಗೆ ವಾರಕ್ಕೊಂದು ಸಂದೇಶ ಹೋಗುವ ವ್ಯವಸ್ಥೆ ಮಾಡೋಣ' ಅನ್ನಬೇಕು. ಪ್ರೊಜೆಕ್ಟರ್‌ಗಿಂತ ಅದು ಎಷ್ಟೋ ಅಗ್ಗ. ಪ್ರೊಜೆಕ್ಟರ್ ಮೇಲೆ ದಾನಿಗಳ ಹೆಸರು ಬರೆಸಬಹುದು, ಸಂದೇಶದ ಮೇಲೆ ಬರೆಸಲು ಆಗುವುದಿಲ್ಲ. ಅದಕ್ಕೇ ಯಾರಿಗೂ ಅದರಲ್ಲಿ ಆಸಕ್ತಿ ಇಲ್ಲ ಅಂತ ನನ್ನ ಗುಮಾನಿ.

ಇನ್ನೊಂದು ಮಾತು. 'ಆಪ್ ಇದೆ, ಬೇಕಾದವರು ಹಾಕಿಕೊಳ್ಳಲಿ' ಅಂತ ಹೇಳಿ ಕೈತೊಳೆದುಕೊಳ್ಳಬೇಡಿ. ಅಮೆರಿಕದ ರಾಜಧಾನಿಯ ಶಾಲೆಗಳಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ, ಪೋಷಕರೇ ಹೋಗಿ ಹೆಸರು ನೋಂದಾಯಿಸಬೇಕು ಅಂದಾಗ ಬೆರಳೆಣಿಕೆಯಷ್ಟು ಜನ ಮಾತ್ರ ಬಂದರು. ಎಲ್ಲರನ್ನೂ ಮೊದಲೇ ಸೇರಿಸಿ, ಬೇಡದವರು ಬಿಡಬಹುದು ಅಂದಾಗ ಬಹುತೇಕ ಎಲ್ಲರೂ ಉಳಿದರು. ಪೋಷಕರಿಗೆ ಆಸಕ್ತಿ ಇಲ್ಲ ಅಂತ ನಾವು ಅಂದುಕೊಳ್ಳುವುದರಲ್ಲಿ ಎಷ್ಟು ಪಾಲು ನಮ್ಮ ಫಾರಂಗಳ ತಪ್ಪು ಅಂತ ಯೋಚಿಸಬೇಕು. ಓದಲು ಬಾರದ ಪೋಷಕರಿದ್ದಾರೆ, ಅವರಿಗೆ ಧ್ವನಿ ಸಂದೇಶ ಕಳಿಸಿ. ಮನೆಯಲ್ಲಿ ಬೇರೆ ಭಾಷೆ ಆಡುವವರಿದ್ದಾರೆ, ಆ ಭಾಷೆ ಬಲ್ಲ ಪೋಷಕರೊಬ್ಬರು ಎರಡು ಸಾಲು ಹೇಳಿದರೆ ಸಾಕು. ದಾಖಲೆಯಲ್ಲಿರುವ ನಂಬರ್ ಹಳೆಯದಾಗಿರುತ್ತದೆ, ವರ್ಷಕ್ಕೊಮ್ಮೆ ಕೇಳಿ ಸರಿಮಾಡಿ. ಅಪ್ಪನ ನಂಬರ್ ಮಾತ್ರ ಇದ್ದರೆ ಅಮ್ಮನದನ್ನೂ ಕೇಳಿ, ಮನೆಯಲ್ಲಿ ಪುಸ್ತಕ ತೆಗೆಸುವವರು ಯಾರು ಅಂತ ನಿಮಗೇ ಗೊತ್ತಲ್ವಾ? ಸಭೆಯನ್ನು ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕರೆದು, ಬರದವರನ್ನು 'ಜವಾಬ್ದಾರಿ ಇಲ್ಲದವರು' ಅಂತ ನಡಾವಳಿಯಲ್ಲಿ ಬರೆಯುವುದನ್ನು ಇವತ್ತೇ ನಿಲ್ಲಿಸಿ. ದಿನಗೂಲಿಯವರಿಗೆ ಅರ್ಧ ದಿನ ಅಂದರೆ ಅರ್ಧ ದಿನದ ಸಂಬಳ.

ಇನ್ನು ಹಣ.

ಹಣ ಬೇಡವೇ ಬೇಡ ಅನ್ನುವ ಪಂಗಡದವಳು ನಾನಲ್ಲ. ಶಾಲೆಗೆ ಸಣ್ಣಪುಟ್ಟ ಖರ್ಚು ನೂರಾರು ಇರುತ್ತವೆ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯಬೇಕು, ಸಂಗೀತದ ವಾದ್ಯ ಬೇಕು, ಕಥೆಪುಸ್ತಕ ಬೇಕು. ಸೇರಿ ಮಾಡಿದರೆ ಖುಷಿಯೂ ಇದೆ. ನನ್ನ ತಕರಾರು ಕೇಳುವ ರೀತಿಯ ಬಗ್ಗೆ.

ಹಣ ಕೇಳುವ ಪತ್ರದಲ್ಲಿ ಯಾವ ಕೆಲಸಕ್ಕೆ, ಒಟ್ಟು ಎಷ್ಟು ಬೇಕು, ಕೈಯಲ್ಲಿ ಈಗಾಗಲೇ ಎಷ್ಟಿದೆ, ಜಾಸ್ತಿ ಬಂದರೆ ಏನು ಮಾಡುತ್ತೀರಿ, ಕಡಿಮೆ ಬಿದ್ದರೆ ಏನು ಮಾಡುತ್ತೀರಿ ಅನ್ನುವುದೆಲ್ಲ ಇರಲಿ. ಕೊನೆಯ ಎರಡು ಪ್ರಶ್ನೆಗೆ ಉತ್ತರ ಕೊಟ್ಟ ಪತ್ರವನ್ನು ನಾನು ಇನ್ನೂ ನೋಡಿಲ್ಲ. ಜಾಸ್ತಿ ಬಂದ ಹಣ ಸುಮ್ನೆ ಖಾತೆಯಲ್ಲಿ ಕೂರುತ್ತದೆ. ಅದನ್ನು ಕೊಟ್ಟವರ ಮಕ್ಕಳು ಶಾಲೆ ಮುಗಿಸಿ ಹೋಗಿರುತ್ತಾರೆ. ಮೂರು ವರ್ಷದ ಮೇಲೆ ಬಂದ ಹೊಸ ಮಂಡಳಿಗೆ ಅದು ಎಲ್ಲಿಂದ ಬಂತು, ಯಾವುದಕ್ಕೆ ಬಂತು ಅನ್ನುವುದೇ ಗೊತ್ತಿರುವುದಿಲ್ಲ. ಗ್ರಂಥಾಲಯಕ್ಕೆ ಅಂತ ಕೊಟ್ಟದ್ದು ಶಾಮಿಯಾನಕ್ಕೆ ಹೋಗುತ್ತದೆ. ಯಾರೂ ಕದ್ದಿಲ್ಲ, ಆದರೂ ಮೋಸ ಆಗಿದೆ.

ಖಜಾಂಚಿಯವರೇ, ಇದು ನಿಮಗಾಗಿ, ನಿಮ್ಮ ಒಳ್ಳೆಯದಕ್ಕೇ. ನಗದನ್ನು ಒಬ್ಬರೇ ಎಣಿಸಬೇಡಿ. ಇಬ್ಬರು ಎಣಿಸಿ, ಇಬ್ಬರೂ ಸಹಿ ಹಾಕಿ, ಆವತ್ತೇ ಅಥವಾ ಮರುದಿನವೇ ಬ್ಯಾಂಕಿಗೆ ಕಟ್ಟಿ. ಖಾತೆ ಮಂಡಳಿಯ ಹೆಸರಿನಲ್ಲಿರಲಿ, ಯಾರದೋ ಸ್ವಂತ ಖಾತೆಗೆ, ಸ್ವಂತ ನಂಬರಿಗೆ ಹಣ ಹಾಕಿಸುವುದು ಬೇಡ. ಎಷ್ಟೇ ನಂಬಿಕಸ್ಥರಾದರೂ ಬೇಡ. ಹಣ ತೆಗೆಯಲು ಎರಡು ಸಹಿ ಬೇಕು. ಸಹಿ ಹಾಕುವ ಅಧಿಕಾರ ಇಲ್ಲದ ಮೂರನೆಯವರೊಬ್ಬರು ತಿಂಗಳಿಗೊಮ್ಮೆ ಬ್ಯಾಂಕ್ ಸ್ಟೇಟ್‌ಮೆಂಟನ್ನು ರಸೀದಿ ಪುಸ್ತಕದ ಜೊತೆ ಇಟ್ಟು ನೋಡಲಿ. ಗಂಡ ಅಧ್ಯಕ್ಷ, ಹೆಂಡತಿ ಖಜಾಂಚಿ ಅನ್ನುವ ಏರ್ಪಾಡು ಎಷ್ಟೇ ಅನುಕೂಲವಾಗಿದ್ದರೂ ಬೇಡ. ಇದೆಲ್ಲ ನಿಮ್ಮ ಮೇಲೆ ಅನುಮಾನ ಅಂದುಕೊಳ್ಳಬೇಡಿ. ನಾಳೆ ಯಾರೋ ಏನೋ ಅಂದರೆ ನಿಮ್ಮ ಪರವಾಗಿ ಮಾತಾಡುವುದು ಈ ಕಾಗದಗಳೇ. ಲೆಕ್ಕವನ್ನು ವರ್ಷದ ಕೊನೆಗೆ ಸಭೆಯಲ್ಲಿ ಒಂದು ನಿಮಿಷ ಓದಿ 'ಎಲ್ಲರ ಒಪ್ಪಿಗೆ ಇದೆ' ಅಂತ ಮುಗಿಸಬೇಡಿ. ಹಣ ಕೇಳಿದ ಸಂದೇಶ ಯಾವ ದಾರಿಯಲ್ಲಿ ಹೋಯಿತೋ, ಲೆಕ್ಕವೂ ಅದೇ ದಾರಿಯಲ್ಲಿ, ಅಷ್ಟೇ ಜನಕ್ಕೆ ಹೋಗಲಿ. ಬಂದದ್ದು, ಹೋದದ್ದು, ಉಳಿದದ್ದು, ಮೂರು ಸಾಲು ಸಾಕು. ವಿವರ ಬೇಕಾದವರು ಬಂದು ಬಿಲ್ಲು ನೋಡಲಿ.

ನನಗೆ ಎಲ್ಲಕ್ಕಿಂತ ಬೇಸರ ತರುವುದು 'ಸ್ವಇಚ್ಛೆಯಿಂದ' ಅನ್ನುವ ಪದದ ಕೆಳಗೆ ನಡೆಯುವ ಕೆಲಸ. ಕಾಗದದ ಮೇಲೆ ಸ್ವಇಚ್ಛೆ. ಆದರೆ ಕವರ್ ಮಗುವಿನ ಕೈಗೆ ಕೊಟ್ಟು ಕಳಿಸುತ್ತೀರಿ. ಮಗು ಅದನ್ನು ತರಗತಿಯಲ್ಲಿ ಎಲ್ಲರೆದುರು ಟೀಚರ್ ಮೇಜಿನ ಮೇಲೆ ಇಡಬೇಕು. ತರದ ಮಗುವಿಗೆ 'ನಾಳೆ ಮರೀಬೇಡ' ಅಂತ ಹೇಳಲಾಗುತ್ತದೆ. ಎಲ್ಲರೂ ಕೊಟ್ಟ ತರಗತಿಗೆ ಬಹುಮಾನ. ಹತ್ತು ವರ್ಷದ ಮಕ್ಕಳಿಗೆ ಲೆಕ್ಕ ಬರುತ್ತದೆ ಸ್ವಾಮಿ. ಯಾರಿಂದ ಬಹುಮಾನ ತಪ್ಪಿತು ಅಂತ ಅವರು ಮಧ್ಯಾಹ್ನದೊಳಗೆ ಕಂಡುಹಿಡಿದಿರುತ್ತಾರೆ. ಗ್ರೂಪಿನಲ್ಲಿ ಕೊಟ್ಟವರ ಹೆಸರಿನ ಪಟ್ಟಿ ಹಾಕುತ್ತೀರಿ, ಕೃತಜ್ಞತೆ ಅಂತ. ಆ ಪಟ್ಟಿಯನ್ನು ಜನ ಓದುವುದು ಅದರಲ್ಲಿ ಇಲ್ಲದ ಹೆಸರುಗಳಿಗಾಗಿ.

ಇಂಗ್ಲೆಂಡ್ ಮತ್ತು ವೇಲ್ಸ್‌ನ 1996ರ ಶಿಕ್ಷಣ ಕಾಯ್ದೆಯಲ್ಲಿ ಇದರ ಬಗ್ಗೆ ಒಂದು ಅಚ್ಚುಕಟ್ಟಾದ ನಿಯಮ ಇದೆ. ಸರ್ಕಾರಿ ವ್ಯವಸ್ಥೆಯ ಶಾಲೆ ಪೋಷಕರಿಂದ ಸ್ವಇಚ್ಛೆಯ ಕೊಡುಗೆ ಕೇಳಬಹುದು. ಆದರೆ ಕೇಳುವಾಗಲೇ ಎರಡು ಮಾತು ಸ್ಪಷ್ಟವಾಗಿ ಹೇಳಬೇಕು. ಕೊಡಲೇಬೇಕು ಅನ್ನುವ ಬಾಧ್ಯತೆ ಇಲ್ಲ. ಮತ್ತು ಅಪ್ಪ ಅಮ್ಮ ಕೊಟ್ಟರೋ ಇಲ್ಲವೋ ಅನ್ನುವುದರ ಮೇಲೆ ಮಕ್ಕಳನ್ನು ಬೇರೆ ಬೇರೆಯಾಗಿ ನಡೆಸಿಕೊಳ್ಳುವುದಿಲ್ಲ. ಅಂದರೆ ಸಾಕಷ್ಟು ಹಣ ಬರದಿದ್ದರೆ ಪ್ರವಾಸವನ್ನೇ ರದ್ದು ಮಾಡಬಹುದು. ಕೊಟ್ಟವರ ಮಕ್ಕಳನ್ನು ಕರೆದುಕೊಂಡು ಹೋಗಿ ಉಳಿದವರನ್ನು ತರಗತಿಯಲ್ಲಿ ಕೂರಿಸುವ ಹಾಗಿಲ್ಲ. ಕಠಿಣ ಅನ್ನಿಸಬಹುದು. ನನಗೆ ಇದು ನ್ಯಾಯ ಅನ್ನಿಸುತ್ತದೆ. ಈ ಎರಡು ವಾಕ್ಯವನ್ನು ನಮ್ಮ ಮುಂದಿನ ಸಂದೇಶದಲ್ಲಿ ಹಾಗೇ ಸೇರಿಸಲು ಯಾರ ಅನುಮತಿಯೂ ಬೇಕಾಗಿಲ್ಲ.

ಜೊತೆಗೆ ಹಣ ವಸೂಲಿಯಿಂದ ಶಿಕ್ಷಕರನ್ನು ಬಿಡಿಸಿ. ಅವರು ಪಾಠ ಮಾಡಲಿ. ಲಕ್ಕಿ ಡ್ರಾ ಟಿಕೆಟ್ ಮಾರಲು ಮಕ್ಕಳನ್ನು ಮನೆಮನೆಗೆ ಕಳಿಸುವುದೂ ಬೇಡ. ಸಾಮಾನು ಮಾರಿ ಹಣ ಮಾಡುವ ಯೋಜನೆ ಹಿಡಿದು ಯಾವುದಾದರೂ ಕಂಪನಿಯವರು ಬಂದರೆ ಮೊದಲು ಒಂದೇ ಪ್ರಶ್ನೆ ಕೇಳಿ, ನೂರಕ್ಕೆ ಎಷ್ಟು ಶಾಲೆಗೆ ಉಳಿಯುತ್ತದೆ ಅಂತ.

ಇನ್ನೂ ದೊಡ್ಡ ವಿಷಯ ಒಂದಿದೆ. ನಾವು ಯಾವುದಕ್ಕೆ ಹಣ ಸೇರಿಸುತ್ತಿದ್ದೇವೆ? ಶಾಲೆ ನಡೆಸುವವರು ಕೊಡಲೇಬೇಕಾದ್ದಕ್ಕೋ, ಅದರ ಮೇಲಿನದಕ್ಕೋ? ಒಂಟಾರಿಯೊ 2012ರಲ್ಲಿ ಹೊರಡಿಸಿದ ನಿಧಿಸಂಗ್ರಹ ಮಾರ್ಗಸೂಚಿ ಇಲ್ಲಿ ಗೆರೆ ಎಳೆಯುತ್ತದೆ. ಸೇರಿಸಿದ ಹಣ ಸರ್ಕಾರದ ಹಣದ ಜಾಗಕ್ಕೆ ಬರಬಾರದು. ಪಠ್ಯಪುಸ್ತಕ, ತರಗತಿಯ ಕಲಿಕಾ ಸಾಮಗ್ರಿಯಂಥ, ಅನುದಾನದಲ್ಲೇ ಬರಬೇಕಾದ ವಸ್ತುಗಳಿಗೆ ಅದನ್ನು ಬಳಸಬಾರದು. ಸರ್ಕಾರಿ ಶಾಲೆ ಇರಲಿ, ಶುಲ್ಕ ಕಟ್ಟುವ ಶಾಲೆ ಇರಲಿ, ಗೆರೆ ಒಂದೇ. ಕುಡಿಯುವ ನೀರು, ಶೌಚಾಲಯದ ಬಾಗಿಲು, ಕೂರುವ ಬೆಂಚು, ಇವಕ್ಕೆ ಪೋಷಕರ ಮಂಡಳಿ ಚಂದಾ ಎತ್ತಿದರೆ ತಾತ್ಕಾಲಿಕವಾಗಿ ಕೆಲಸ ಆಗುತ್ತದೆ ನಿಜ. ಆದರೆ ಮುಂದಿನ ವರ್ಷದಿಂದ ಅದು ಪೋಷಕರದ್ದೇ ಕೆಲಸ ಆಗಿಬಿಡುತ್ತದೆ. ಅರ್ಜಿ ಬರೆದು, ಮತ್ತೆ ಬರೆದು, ಉತ್ತರ ಬರುವವರೆಗೆ ಕಾಡುವುದು ಚಂದಾ ಎತ್ತುವುದಕ್ಕಿಂತ ಕಷ್ಟ. ಅದಕ್ಕೇ ನಾವು ಚಂದಾ ಎತ್ತುತ್ತೇವೆ. ಮುಖ್ಯ ಶಿಕ್ಷಕರೇ, ನಿಮಗೆ ಮೇಲಿನವರಿಗೆ ಬರೆಯಲು ಮುಜುಗರ ಇರಬಹುದು. ನಮಗಿಲ್ಲ. ಮಂಡಳಿಯ ಲೆಟರ್‌ಹೆಡ್ ಇರುವುದು ಇದಕ್ಕೇ.

ಹಾಗೆಯೇ, ಚಂದಾ ಜಾಸ್ತಿ ಎತ್ತಬಲ್ಲ ಶಾಲೆಗಳೂ ಎತ್ತಲಾಗದ ಶಾಲೆಗಳೂ ಅಕ್ಕಪಕ್ಕದಲ್ಲೇ ಇರುತ್ತವೆ. ಅಮೆರಿಕದಲ್ಲಿ ಸರ್ಕಾರಿ ಶಾಲೆಗಳಿಗೆ ಹಣ ಸೇರಿಸುವ ಸಂಸ್ಥೆಗಳನ್ನು ಆಶ್ಲಿನ್ ನೆಲ್ಸನ್ ಮತ್ತು ಬೆತ್ ಗಾಜ್ಲಿ ಎಣಿಸಿದರು. 1995ರಲ್ಲಿ 3,475 ಇದ್ದವು, 2010ರ ಹೊತ್ತಿಗೆ 11,453 ಆದವು. ಅವು ಸೇರಿಸಿದ ಹಣ ಸುಮಾರು 20 ಕೋಟಿ ಡಾಲರ್‌ನಿಂದ 88 ಕೋಟಿ ಡಾಲರ್‌ಗೆ ಏರಿತು. ಉಳ್ಳವರ ಮಕ್ಕಳು ಓದುವ ಕಡೆಗೇ ಆ ಹಣ ಹೆಚ್ಚು ಹರಿಯಿತು. ಕೆಲವು ಊರುಗಳು ಇದಕ್ಕೆ ದಾರಿ ಹುಡುಕಿದವು. ಓರೆಗಾನ್‌ನ ಪೋರ್ಟ್‌ಲ್ಯಾಂಡಿನಲ್ಲಿ ಹಲವು ವರ್ಷ ಒಂದು ನಿಯಮ ಇತ್ತು. ಶಾಲೆಯ ಪೋಷಕರು ಸಿಬ್ಬಂದಿ ನೇಮಿಸಲು ಹಣ ಸೇರಿಸಿದರೆ, ಮೊದಲ 10,000 ಡಾಲರ್ ಮೇಲಿನ ಮೊತ್ತದಲ್ಲಿ ಮೂರನೇ ಒಂದು ಭಾಗ ಒಂದು ಸಾಮಾನ್ಯ ನಿಧಿಗೆ ಹೋಗಬೇಕು. ಅಲ್ಲಿಂದ ಬಡ ಮಕ್ಕಳು ಜಾಸ್ತಿ ಇರುವ ಶಾಲೆಗಳಿಗೆ. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ-ಮಾಲಿಬು ಶಾಲಾ ಜಿಲ್ಲೆ 2011ರಲ್ಲಿ ಇನ್ನೂ ಮುಂದೆ ಹೋಯಿತು. ಸಿಬ್ಬಂದಿಗಾಗಿ ಹಣ ಸೇರಿಸುವುದಾದರೆ ಇಡೀ ಜಿಲ್ಲೆಗೆ ಒಟ್ಟಾಗಿ ಸೇರಿಸಬೇಕು ಅಂತ ತೀರ್ಮಾನಿಸಿತು. ಎರಡೂ ಕಡೆ ದೊಡ್ಡ ಜಗಳವೇ ಆಯಿತು. 'ನನ್ನ ಮಗುವಿಗೆ ಕೊಟ್ಟದ್ದು ಬೇರೆಯವರಿಗೆ ಯಾಕೆ' ಅನ್ನುವುದು ಒಂದು ವಾದ. 'ಸರ್ಕಾರಿ ಶಾಲೆ ಎಲ್ಲ ಮಕ್ಕಳದ್ದಲ್ವಾ' ಅನ್ನುವುದು ಇನ್ನೊಂದು. ಎರಡನೆಯದು ನನಗೆ ಸರಿ ಕಾಣುತ್ತದೆ. ಮೊದಲನೆಯದನ್ನು ಹೇಳುವವರನ್ನು ಸ್ವಾರ್ಥಿಗಳು ಅನ್ನಲು ಮಾತ್ರ ನನಗೆ ಮನಸ್ಸಿಲ್ಲ. ಮಕ್ಕಳಿಗಾಗಿ ಎಲ್ಲರೂ ಸ್ವಲ್ಪ ಸ್ವಾರ್ಥಿಗಳೇ.

ನಾವು ಅಷ್ಟು ದೂರ ಹೋಗುವುದು ಈಗಲೇ ಬೇಡ. ಆದರೆ ಒಂದು ಪುಸ್ತಕ ಮೇಳ ಮಾಡಿದರೆ, ಪಕ್ಕದ ಶಾಲೆಯ ಮಂಡಳಿಯನ್ನೂ ಕರೆದು ಸೇರಿ ಮಾಡಬಹುದು. ಬಂದದ್ದನ್ನು ಎರಡೂ ಶಾಲೆಯ ಮಕ್ಕಳ ಸಂಖ್ಯೆಗೆ ತಕ್ಕ ಹಾಗೆ ಹಂಚಿಕೊಳ್ಳಬಹುದು.

ಹಣ ಕೊಡಲಾಗದವರು ಏನೂ ಕೊಡುತ್ತಿಲ್ಲ ಅನ್ನುವ ಭಾವನೆಯೂ ಮಂಡಳಿಯಲ್ಲಿ ಇದೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಆದರೆ ಸಭೆಯಲ್ಲಿ ಯಾರ ಮಾತಿಗೆ ತಲೆ ಆಡುತ್ತದೆ ಅನ್ನುವುದರಲ್ಲಿ ಗೊತ್ತಾಗುತ್ತದೆ. ದೊಡ್ಡ ದೇಣಿಗೆ ಕೊಟ್ಟವರು ಎದ್ದು ನಿಂತರೆ ಸಭೆ ಗಪ್‌ಚಿಪ್. ಬಡಗಿ ಕೆಲಸ ಮಾಡುವ ಅಪ್ಪನೊಬ್ಬರು ಮುರಿದ ಬೆಂಚುಗಳನ್ನು ಹೇಗೆ ಸರಿ ಮಾಡಬಹುದು ಅಂತ ಹೇಳಲು ಹೊರಟರೆ 'ಸಮಯ ಆಗ್ತಾ ಬಂತು' ಅನ್ನುತ್ತೀರಿ. ಇದನ್ನು ಬರೆದು ಮುಜುಗರ ತಂದಿದ್ದರೆ ತರಲಿ, ಬರೆಯಬೇಕಿತ್ತು.

ಕೊನೆಗೆ ನನ್ನ ಕೋರಿಕೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಹಣದ ವಿಷಯವನ್ನು ಕೊನೆಗೆ ಹಾಕಿ. ಮೊದಲು, ಹೋದ ಸಭೆಯಲ್ಲಿ ಪೋಷಕರು ಕೇಳಿದ ಪ್ರಶ್ನೆಗಳಿಗೆ ಶಾಲೆಯ ಉತ್ತರ. ಆಮೇಲೆ, ಬರುವ ತಿಂಗಳಲ್ಲಿ ತರಗತಿಗಳಲ್ಲಿ ಏನು ನಡೆಯುತ್ತದೆ ಅನ್ನುವ ಮಾಹಿತಿ. ಅದಾದ ಮೇಲೆ, ಈ ವರ್ಷ ಇದುವರೆಗೆ ಸೇರಿಸಿದ ಹಣದ ಲೆಕ್ಕ. ಹೊಸ ಚಂದಾದ ಮಾತು ಇದೆಲ್ಲ ಮುಗಿದ ಮೇಲೆ, ಸಮಯ ಉಳಿದರೆ. ಸಭೆ ಸಂಜೆ ಇರಲಿ, ನಡಾವಳಿ ಒಂದು ವಾರದೊಳಗೆ ಎಲ್ಲ ಪೋಷಕರಿಗೂ ತಲುಪಲಿ. ಎರಡೂ ಉಪಸಮಿತಿಗಳನ್ನು ಸೇರಿಸಿ ಒಂದೇ ಮಾಡಿ. ಹಣ ಕೇಳುವವರೇ ಸುದ್ದಿಯನ್ನೂ ಬರೆಯಲಿ, ಲೆಕ್ಕವನ್ನೂ ಒಪ್ಪಿಸಲಿ.

ಸುದ್ದಿ ಬರೆಯಲು ಕೈ ಬೇಕಿದ್ದರೆ ನಾನು ಸಿದ್ಧ. ತಿಂಗಳಿಗೊಂದು ಪುಟ, ಫೋಟೋ ಇಲ್ಲದೆ, ಮುಖ್ಯ ಶಿಕ್ಷಕರು ಒಮ್ಮೆ ನೋಡಿ ಒಪ್ಪಿದ ಮೇಲೆ. ಈ ಪತ್ರಕ್ಕೆ ಮಂಡಳಿ ಏನು ಹೇಳುತ್ತದೆ ಅನ್ನುವುದನ್ನೂ ಎಲ್ಲ ಪೋಷಕರಿಗೆ ಕಾಣುವ ಹಾಗೆ ಬರೆದು ತಿಳಿಸಿ. ಒಪ್ಪದಿದ್ದರೂ ಸರಿ, ಯಾಕೆ ಅಂತ ಬರೆಯಿರಿ.

ಇಂತಿ,
ನಿಮ್ಮ ಶಾಲೆಯ ಒಬ್ಬ ಪೋಷಕಿ